ಬಾವಿಯೊಳಗೆ ದೀಪ ಉರಿಯುತ್ತಲೇ ಇತ್ತು

ಹೋದ ತಿಂಗಳು ರಾತ್ರಿ ಹನ್ನೊಂದರ ಮೇಲೆ ಒಬ್ಬ ಅಗ್ನಿಶಾಮಕ ಠಾಣಾಧಿಕಾರಿಯ ಫೋನು. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ, ಈಗ ಅವನದೇ ಒಂದು ಠಾಣೆ. "ಸಾರ್, ಬಾವುಟದ ಕೇಸರಿ ತಲೆ ಕಡೆಗೋ ಕಾಲು ಕಡೆಗೋ?" ಅಂದ. ಅವನ ಸಿಬ್ಬಂದಿಯಲ್ಲಿ ಒಬ್ಬ ಕರ್ತವ್ಯದಲ್ಲಿ ಸತ್ತಿದ್ದಾನೆ ಎಂದು ಗೊತ್ತಾಗಲು ಅಷ್ಟೇ ಸಾಕಿತ್ತು. ಯಾರು ಎಂದು ಆಮೇಲೆ ಕೇಳಿದೆ.

ಕೇಸರಿ ತಲೆಯ ಕಡೆಗೆ. ಚಿತೆಗೆ ಬೆಂಕಿ ಇಡುವ ಅಥವಾ ಮಣ್ಣಿಗೆ ಇಳಿಸುವ ಮೊದಲು ಬಾವುಟ ತೆಗೆಯಬೇಕು, ಅದನ್ನು ಸುಡುವಂತೆಯೂ ಇಲ್ಲ, ಹೂಳುವಂತೆಯೂ ಇಲ್ಲ. ಮಡಚುವುದನ್ನು ಇಬ್ಬರಿಗೆ ಇವತ್ತೇ ಅಭ್ಯಾಸ ಮಾಡಿಸು, ಸಾವಿನ ಮನೆಯಲ್ಲಿ ಕೈ ನಡುಗುತ್ತದೆ. ಸರ್ಕಾರಿ ಗೌರವಕ್ಕೆ ಮೇಲಿನಿಂದ ಒಪ್ಪಿಗೆ ಬಂತೇ ನೋಡಿಕೊ. ನಮ್ಮದು ಬಂದೂಕಿಲ್ಲದ ಇಲಾಖೆ, ಗಾಳಿಯಲ್ಲಿ ಗುಂಡು ಹಾರಿಸಲು ಸಶಸ್ತ್ರ ಮೀಸಲು ಪಡೆಯವರೇ ಬರಬೇಕು, ಅವರಿಗೆ ರಾತ್ರಿಯೇ ತಿಳಿಸು. ಬ್ಯೂಗಲ್ ಊದುವವನು ರಜೆಯಲ್ಲಿಲ್ಲ ತಾನೇ ಎಂದೂ ಕೇಳು. ಒಮ್ಮೆ ಬ್ಯೂಗಲ್‌ನವನು ಸಿಗದೆ ಮೊಬೈಲಿನಲ್ಲಿ 'ಲಾಸ್ಟ್ ಪೋಸ್ಟ್' ಹಾಕಿ ಮೈಕಿಗೆ ಹಿಡಿದಿದ್ದೆವು. ನಡುವೆ ಯಾರದೋ ಕರೆ ಬಂದು ಸಿನಿಮಾ ಹಾಡಿನ ರಿಂಗ್‌ಟೋನ್ ಕೇಳಿಸಿತು. ಸತ್ತವನಿಗೆ ನಗು ಬಂದಿರುತ್ತದೆ, ನಮಗೆ ಬರಲಿಲ್ಲ.

ಇಷ್ಟನ್ನೆಲ್ಲ ಹೇಳಿ ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೆ, ಅವನಿಗೆ ಬೇಕಾಗಿದ್ದನ್ನು ಹೇಳಿರಲಿಲ್ಲ.

ನನ್ನ ಠಾಣೆಯಲ್ಲಿ ನಾನು ಕಳೆದುಕೊಂಡದ್ದು ಒಬ್ಬನನ್ನು. ಬಾವಿಯಲ್ಲಿ. ಜನ ನಮ್ಮನ್ನು ಬೆಂಕಿಯ ಜೊತೆಗೇ ನೆನೆಯುತ್ತಾರೆ. ತಾಲ್ಲೂಕಿನ ಠಾಣೆಗಳಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು, ಹುಲ್ಲಿನ ಬಣವೆ ಬಿಟ್ಟರೆ ನಮ್ಮನ್ನು ಹೆಚ್ಚು ಕರೆಯುವುದು ಬಾವಿಗೇ. ಹಸು ಬಿತ್ತು, ಮಗು ಬಿತ್ತು, ಹೂಳೆತ್ತಲು ಇಳಿದವರು ಮೇಲೆ ಬರಲಿಲ್ಲ.

ಅವತ್ತು ಮೂರನೆಯದು. ಅರವತ್ತು ಅಡಿಯ ಹಳೇ ತೋಡುಬಾವಿ. ನೀರು ಖಾಲಿ ಮಾಡಲು ಡೀಸೆಲ್ ಪಂಪನ್ನೇ ಬಾವಿಯೊಳಗಿನ ಅಟ್ಟದ ಮೇಲೆ ಇಳಿಸಿ ಬೆಳಗಿನಿಂದ ಓಡಿಸಿದ್ದರು. ಕೂಲಿಯವರು ಇಬ್ಬರು ಇಳಿದು ಅಲ್ಲೇ ಕುಸಿದಿದ್ದರು. ನಾವು ಹೋದಾಗ ಊರಿನ ಹಿರಿಯರೊಬ್ಬರು ಲಾಂದ್ರಕ್ಕೆ ಹಗ್ಗ ಕಟ್ಟಿ ಕೆಳಗೆ ಬಿಟ್ಟಿದ್ದರು. "ದೀಪ ಉರೀತಾ ಐತೆ ಸಾರ್, ಗಾಳಿ ಐತೆ" ಅಂದರು. ನಿಜ, ಉರಿಯುತ್ತಿತ್ತು. ಪಾಳು ಬಾವಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕ ಇಳಿದಿದ್ದರೆ ದೀಪ ಆರುತ್ತದೆ, ನಮ್ಮ ಅಜ್ಜಂದಿರ ಪರೀಕ್ಷೆ ಅಷ್ಟರ ಮಟ್ಟಿಗೆ ಸರಿ. ಆದರೆ ಡೀಸೆಲ್ ಹೊಗೆಯಲ್ಲಿರುವುದು ಇಂಗಾಲದ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ದೀಪ ಆರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ದಟ್ಟವಾಗಿದ್ದರೆ ಕೆಲವೇ ಉಸಿರಿಗೆ ಕೈಕಾಲು ಸ್ವಾಧೀನ ತಪ್ಪುತ್ತವೆ.

ನಮ್ಮವನು ಉಸಿರಾಟದ ಸಾಧನ, ಅಂದರೆ ಬಿ.ಎ. ಸೆಟ್, ಕಟ್ಟಿಕೊಂಡೇ ಇಳಿದ. ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮಾಸ್ಕು. ಕೆಳಗೆ ಇಬ್ಬರಲ್ಲಿ ಒಬ್ಬನಿಗೆ ಇನ್ನೂ ಉಸಿರಿತ್ತು, ಹದಿನೆಂಟರ ಹುಡುಗ. ಇವನು ತನ್ನ ಮಾಸ್ಕ್ ಕಳಚಿ ಹುಡುಗನ ಮುಖಕ್ಕೆ ಇಟ್ಟ. ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿ ಎಳೆಯಿರಿ ಎಂದು ಕೈ ಬೀಸಿದ. ಹುಡುಗ ಮೇಲೆ ಬಂದ, ಬದುಕಿದ. ಇವನು ಮೆಟ್ಟಿಲಿಗೆ ಒರಗಿ ಕೂತ ಹಾಗೆ ಕಾಣುತ್ತಿತ್ತು.

ಮರುದಿನದ ಪೇಪರಿನಲ್ಲಿ 'ತನ್ನ ಉಸಿರನ್ನೇ ಧಾರೆ ಎರೆದ ವೀರ' ಎಂದು ಬಂತು. ಹಾರ, ತುಪಾಕಿ, ಸಾಲು ಸಾಲು ಗಣ್ಯರು. ನಾನು ವರದಿಯಲ್ಲಿ ಒಂದೇ ಸಾಲು ಬರೆದೆ: 'ರಕ್ಷಣಾ ಕಾರ್ಯದ ವೇಳೆ ವಿಷಾನಿಲ ಸೇವನೆಯಿಂದ ಮೃತಪಟ್ಟಿರುತ್ತಾರೆ.' ಮಾಸ್ಕ್ ತೆಗೆದ ವಿಷಯ ಬರೆದರೆ ನಿಯಮ ಮೀರಿದ ಎಂದಾಗುತ್ತದೆ, ಪರಿಹಾರಕ್ಕೆ ಕಲ್ಲು ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ ಹೇಳಲು ನನಗೆ ಮೂರು ತಿಂಗಳು ಬೇಕಾಯಿತು.

ಸತ್ತ ಮೇಲಿನ ಮೊದಲ ತಿಂಗಳು ಹೇಗಿರುತ್ತದೆ ಎಂಬುದನ್ನೂ ಫೋನ್ ಮಾಡಿದ ಆ ಹುಡುಗ ಅಧಿಕಾರಿಗೆ ಹೇಳಬೇಕಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಠಾಣೆಯವರೆಲ್ಲ ಹೋಗಬೇಕು, ಆದರೆ ಗಾಡಿ ನಿಲ್ಲಿಸುವಂತಿಲ್ಲ. ಪಕ್ಕದ ತಾಲ್ಲೂಕಿನವರು ಕೇಳುವ ಮೊದಲೇ ಒಂದು ಸಿಬ್ಬಂದಿ ತಂಡ ಕಳಿಸಿದರು, ಅದನ್ನು ನಾನು ಮರೆಯಲಾರೆ. ಮನೆಯವರ ಕಾಗದಪತ್ರಕ್ಕೆ ಒಬ್ಬನನ್ನು, ಒಬ್ಬನನ್ನೇ, ನೇಮಿಸಬೇಕು. ಹತ್ತು ಜನ 'ಏನಾದ್ರೂ ಬೇಕಾದ್ರೆ ಹೇಳಿ ಅಕ್ಕಾ' ಎಂದರೆ ಯಾರೂ ಮಾಡುವುದಿಲ್ಲ. ನಮ್ಮವನು ನೌಕರಿಗೆ ಸೇರಿದಾಗ ಬ್ರಹ್ಮಚಾರಿ. ಜಿಪಿಎಫ್ ಎಂಬ ಭವಿಷ್ಯನಿಧಿಗೂ ಕೆಜಿಐಡಿ ಎಂಬ ಸರ್ಕಾರಿ ವಿಮೆಯ ಪಾಲಿಸಿಗೂ ನಾಮಿನಿ ಇನ್ನೂ ತಾಯಿಯೇ ಆಗಿದ್ದರು. ಅತ್ತೆ ಸೊಸೆ ಜೊತೆಯಾಗಿ ಅತ್ತಿದ್ದ ಮನೆಯಲ್ಲಿ ಅದೊಂದು ಕಾಲಂನಿಂದ ಮಾತು ನಿಂತಿತು. ಅನುಕಂಪದ ನೇಮಕಾತಿಗೆ 1996ರ ನಿಯಮಗಳಂತೆ ಸಾವಿನಿಂದ ವರ್ಷದೊಳಗೆ ಅರ್ಜಿ ಹಾಕಬೇಕು. ದುಃಖದಲ್ಲಿರುವವರಿಗೆ ವರ್ಷ ಹೇಗೆ ಹೋಯಿತೆಂದೇ ತಿಳಿಯುವುದಿಲ್ಲ.

ಇನ್ನು ಹಗ್ಗ ಹಿಡಿದಿದ್ದವನು. ಪ್ರಮುಖ ಅಗ್ನಿಶಾಮಕ, ಇಪ್ಪತ್ತು ವರ್ಷದ ಅನುಭವ. ಅವನಿಗೆ ಹದಿನೈದು ದಿನ ರಜೆ ಕೊಟ್ಟು ಊರಿಗೆ ಕಳಿಸಿದೆ, ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡು. ತಪ್ಪು ಮಾಡಿದೆ. ಬಾವಿ ನೋಡದವರ ನಡುವೆ ಅವನು ಯಾರ ಹತ್ತಿರ ಏನು ಮಾತಾಡಿಯಾನು? ಬಂದ ಮೇಲೆ ವಾಚ್‌ರೂಮಿನ ಬೆಂಚಿನಲ್ಲಿ ಕೂತು ಮೊಳ ಹಗ್ಗಕ್ಕೆ ಬೌಲೈನ್ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಕಿರಿಯ ಹುಡುಗರು ಸುಮ್ಮನೆ ಅವನ ಪಕ್ಕ ಕೂರುತ್ತಿದ್ದರು. ಅವನನ್ನು ಎತ್ತಿ ನಿಲ್ಲಿಸಿದ್ದು ಅದು, ನನ್ನ ರಜೆಯಲ್ಲ.

ಮೂರು ತಿಂಗಳಾದ ಮೇಲೆ ಹೆಂಡತಿ ಠಾಣೆಗೆ ಬಂದರು. ಲಾಕರಿನಲ್ಲಿದ್ದ ಹೆಲ್ಮೆಟ್ಟು, ಎರಡು ಅಂಗಿ, ಅರ್ಧ ಖಾಲಿಯಾದ ಎಣ್ಣೆ ಬಾಟಲಿ ಕೊಟ್ಟೆವು. ಹೊರಡುವಾಗ ಕೇಳಿದರು: "ಮುಖಕ್ಕೆ ಹಾಕಿದ್ದನ್ನ ತೆಗೀಬಾರದಂತಲ್ಲ. ಅವರು ತಪ್ಪು ಮಾಡಿದ್ರಾ?"

ಹೌದು ಎಂದೆ. ತರಬೇತಿಯ ಪ್ರಕಾರ ತಪ್ಪು. ಮಾಸ್ಕ್ ಬಿಚ್ಚಿದವನು ಇನ್ನೊಬ್ಬರನ್ನು ಎತ್ತಲು ಬಂದವನಾಗಿ ಉಳಿಯುವುದಿಲ್ಲ, ಎತ್ತಬೇಕಾದವನಾಗುತ್ತಾನೆ. ಕೆಳಗಿದ್ದವನಿಗೆ ಇನ್ನೊಂದು ಸೆಟ್ ಇಳಿಸಬೇಕಿತ್ತು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಎಲ್ಲಿತ್ತು?" ಅಂದರು.

ಮೇಲಧಿಕಾರಿಗಳು ಕೇಳಿರಲಿಲ್ಲ, ಪತ್ರಕರ್ತರೂ ಕೇಳಿರಲಿಲ್ಲ. ಇನ್ನೊಂದು ಸೆಟ್ ಗಾಡಿಯಲ್ಲೇ ಇತ್ತು, ಸಿಲಿಂಡರ್ ಇಲ್ಲದೆ. ಸಿಲಿಂಡರ್ ಆ ಘಟನೆಗೆ ಆರು ದಿನ ಮುಂಚೆ, ಸೋಮವಾರ, ಗಾಳಿ ತುಂಬಿಸಲು ಜಿಲ್ಲಾ ಕೇಂದ್ರಕ್ಕೆ ಹೋಗಿತ್ತು. ಯಾರೂ ತಂದಿರಲಿಲ್ಲ. ಕಳಿಸಿದ ರಿಜಿಸ್ಟರಿನಲ್ಲಿ ಇದ್ದದ್ದು ನನ್ನ ಸಹಿ. ಬಾವಿಯ ದಡದಲ್ಲಿ ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕಳಚಿದ.

'ಹುತ' ಎಂದರೆ ಬೆಂಕಿಗೆ ಹವಿಸ್ಸಾಗಿ ಹಾಕಿದ್ದು. ಹುತಾತ್ಮ ಎಂಬ ಪದ ನಮ್ಮ ಇಲಾಖೆಗೆ ಹೇಳಿ ಮಾಡಿಸಿದಂತಿದೆ, ಅದಕ್ಕೇ ನನಗೆ ಅದರ ಮೇಲೆ ಗುಮಾನಿ. ಹವಿಸ್ಸು ತಾನಾಗಿ ಕುಂಡಕ್ಕೆ ಬೀಳುವುದಿಲ್ಲ. ಆ ಪದ ಬಳಸಿದ ಮರುಕ್ಷಣ ಹಾಕಿದ ಕೈ ಯಾರದು ಎಂದು ಕೇಳುವುದು ಅಪಚಾರವಾಗಿಬಿಡುತ್ತದೆ.

ನಮ್ಮ ಅಗ್ನಿಶಾಮಕ ಸೇವಾ ದಿನದ ಕಥೆಯೂ ಇದೇ. ಏಪ್ರಿಲ್ 14, ಅಂಬೇಡ್ಕರ್ ಜಯಂತಿಯೂ ಅಂದೇ. ಆ ಕಾರ್ಯಕ್ರಮ ಮುಗಿಸಿ ಗಣ್ಯರು ಬರುವವರೆಗೆ ನಮ್ಮ ಹುಡುಗರು ಬಿಸಿಲಿನಲ್ಲಿ ಸಾವಧಾನ್ ನಿಂತಿರುತ್ತಾರೆ. 1944ರಲ್ಲಿ ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ಹಡಗು ಸ್ಫೋಟಿಸಿ 66 ಅಗ್ನಿಶಾಮಕರು ಸತ್ತರು ಎಂದು ಭಾಷಣದಲ್ಲಿ ಹೇಳಿ ಎರಡು ನಿಮಿಷ ಮೌನ ಆಚರಿಸುತ್ತೇವೆ. ಆ 'ಫೋರ್ಟ್ ಸ್ಟಿಕೀನ್' ಹಡಗಿನಲ್ಲಿ ಸುಮಾರು 1,400 ಟನ್ ಮದ್ದುಗುಂಡಿನ ಜೊತೆಗೆ ಕರಾಚಿಯಲ್ಲಿ ಹತ್ತಿಯ ಸಾವಿರಾರು ಬೇಲುಗಳನ್ನೂ ಹೇರಿದ್ದರು ಎಂಬುದು ಭಾಷಣದಲ್ಲಿ ಬರುವುದಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಹೊಗೆ ಕಂಡಿತು. ಎರಡು ಗಂಟೆ ಕಾಲ ನಮ್ಮವರು ನೀರು ಸುರಿದರು, ನೂರಾರು ಟನ್. ಹಡಗನ್ನು ಮುಳುಗಿಸೋಣವೇ, ಸಮುದ್ರಕ್ಕೆ ಎಳೆದು ಬಿಡೋಣವೇ ಎಂಬ ತೀರ್ಮಾನ ಯಾರಿಂದಲೂ ಆಗಲಿಲ್ಲ. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಮೊದಲನೆಯದರ ಕಂಪನ ಶಿಮ್ಲಾದ ಭೂಕಂಪ ಮಾಪಕದಲ್ಲೂ ದಾಖಲಾಯಿತು. ಅವರ ಶೌರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆ ಎರಡು ಗಂಟೆಯಲ್ಲಿ ಯಾರು ಏನು ಹೇಳಲಿಲ್ಲ ಎಂಬುದನ್ನು ಮೌನಾಚರಣೆಗೆ ಮೊದಲು ಒಮ್ಮೆ ಓದಿ ಎನ್ನುವುದಷ್ಟೇ ನನ್ನ ತಕರಾರು. ಪೊಲೀಸರು ಅಕ್ಟೋಬರ್ 21ರಂದು ವರ್ಷದಲ್ಲಿ ಮಡಿದವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ, ಒಳ್ಳೆಯ ಪದ್ಧತಿ. ಹೆಸರಿನ ಮುಂದೆ ಹೇಗೆ ಸತ್ತರು ಎಂಬ ಒಂದು ಸಾಲೂ ಸೇರಿದರೆ ಇನ್ನೂ ಒಳ್ಳೆಯದು.

ನಾನು ಎರಡನೇ ವರದಿ ಬರೆದೆ, ನಾಲ್ಕು ಪುಟ. ಡೀಸೆಲ್ ಪಂಪು, ಲಾಂದ್ರ, ಮಾಸ್ಕು, ಸೋಮವಾರದ ಸಿಲಿಂಡರು, ನನ್ನ ಸಹಿ. ನನ್ನ ಕಡತದಲ್ಲಿ ಒಂದು ಮಾತು ಸೇರಿತು, ಸೇರಬೇಕಾದ್ದೇ. ಮನೆಯವರ ಪರಿಹಾರಕ್ಕೆ ಏನೂ ಆಗಲಿಲ್ಲ, ನನ್ನ ಭಯ ಸುಳ್ಳಾಗಿತ್ತು. ಬೆಳಗಿನ ಹಾಜರಿ ಆದ ಕೂಡಲೇ ಎಲ್ಲ ಸಿಲಿಂಡರುಗಳ ಒತ್ತಡ ನೋಡಿ ಗಟ್ಟಿಯಾಗಿ ಹೇಳಬೇಕು ಎಂದು ಠಾಣೆಯಲ್ಲಿ ಶುರು ಮಾಡಿದೆವು.

ಈ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಗೇಜು ನೋಡುತ್ತ ಕೂಗುತ್ತಿದ್ದ: "ಒಂದು, 290 ಬಾರ್. ಎರಡು, 300. ಮೂರು, 280." ಇದನ್ನ ಯಾಕೆ ಕೂಗ್ತೀಯಾ ಎಂದು ಕೇಳಿದೆ. "ಮೊದಲಿಂದ್ಲೂ ಹಂಗೇ ಸಾರ್" ಅಂದ.

ಕೂತ್ಕೋ ಅಂದೆ. ಆ ಸೋಮವಾರದಿಂದ ಶುರು ಮಾಡಿದೆ.