ಅನುವಂಶೀಯತಾ ಪ್ರಮಾಣ: ಶೇ. 58 ಯಾವುದರ ಪಾಲು?

ಬ್ರಿಟನ್ನಿನ ಸಾವಿರಾರು ಅವಳಿಗಳು 16ನೆಯ ವಯಸ್ಸಿನಲ್ಲಿ ಬರೆದ ಶಾಲಾ ಹಂತದ ಜಿಸಿಎಸ್‌ಇ ಪರೀಕ್ಷೆಯನ್ನು ಆಧರಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮುಖ್ಯ ವಿಷಯಗಳ ಫಲಿತಾಂಶದಲ್ಲಿ ಅನುವಂಶೀಯತಾ ಪ್ರಮಾಣ ಶೇ. 58 ಎಂದು ಅದು ಹೇಳಿತು. ‘ಹಾಗಾದರೆ ಮಗು ಪಡೆದ ನೂರು ಅಂಕಗಳಲ್ಲಿ 58 ವಂಶವಾಹಿಗಳದ್ದು, ಶಾಲೆಯದ್ದು 42’ ಎಂದು ನಮ್ಮಲ್ಲಿ ಹಲವರು ಬರೆದುಕೊಳ್ಳುತ್ತೇವೆ. ಇದು ಪೂರ್ತಿ ತಪ್ಪು. 58 ಎಂಬುದು ಯಾವೊಂದು ಮಗುವಿನ ಅಂಕದ ಪಾಲೂ ಅಲ್ಲ, ಆ ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ವ್ಯತ್ಯಾಸದಿಂದ ಬಂದ ಪಾಲು.

ಕೈಬೆರಳುಗಳನ್ನೇ ನೋಡಿ. ಐದು ಬೆರಳು ಮೂಡುವುದು ವಂಶವಾಹಿಗಳಿಂದ. ಆದರೆ ಯಾರಿಗಾದರೂ ನಾಲ್ಕೇ ಇದ್ದರೆ ಹೆಚ್ಚಿನ ಸಲ ಕಾರಣ ಅಪಘಾತ. ಆದ್ದರಿಂದ ಬೆರಳಿನ ಸಂಖ್ಯೆಯ ಅನುವಂಶೀಯತಾ ಪ್ರಮಾಣ ತೀರ ಕಡಿಮೆ!

ಅವಳಿಗಳಿಂದ ಈ ಪ್ರಮಾಣವನ್ನು ಕಂಡುಹಿಡಿಯುವ ಲೆಕ್ಕ ಸರಳ. ಏಕರೂಪಿ ಅವಳಿಗಳ ವಂಶವಾಹಿಗಳು ಒಂದೇ. ಭಿನ್ನರೂಪಿ ಅವಳಿಗಳು ವ್ಯತ್ಯಾಸವಿರುವ ವಂಶವಾಹಿಗಳಲ್ಲಿ ಸರಾಸರಿ ಅರ್ಧವನ್ನು ಹಂಚಿಕೊಂಡಿರುತ್ತಾರೆ. ಮೊದಲನೆಯವರ ಸಹಸಂಬಂಧ (ಜೋಡಿಯ ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) 0.8, ಎರಡನೆಯವರದು 0.5 ಎಂದಿಟ್ಟುಕೊಳ್ಳಿ. ಅಂತರ 0.3, ಇಮ್ಮಡಿಸಿದರೆ 0.6. ಇದು ಫಾಲ್ಕನರ್ ಸೂತ್ರ. ಎರಡೂ ಬಗೆಯ ಅವಳಿಗಳಿಗೆ ಮನೆಯ ಪರಿಸರ ಸಮಾನ ಎಂಬ ಊಹೆಯ ಮೇಲೆ ಅದು ನಿಂತಿದೆ.

ನನ್ನನ್ನು ಬಹಳ ಕಾಡಿದ್ದು ಮನೋವಿಜ್ಞಾನಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರ 2003ರ ಅಧ್ಯಯನ. ಅಮೆರಿಕದ ಏಳು ವರ್ಷದ ಅವಳಿಗಳಲ್ಲಿ, ಬಡ ಕುಟುಂಬದವರ ಬುದ್ಧಿಲಬ್ಧದ (ಐಕ್ಯೂ) ವ್ಯತ್ಯಾಸದಲ್ಲಿ ಸುಮಾರು ಶೇ. 60 ಮನೆಯ ಪರಿಸರದ್ದು, ವಂಶವಾಹಿಗಳ ಪಾಲು ಸೊನ್ನೆಯ ಸಮೀಪ. ಸ್ಥಿತಿವಂತರಲ್ಲಿ ಇದು ಬಹುತೇಕ ತಿರುಗುಮುರುಗು. ಯುರೋಪಿನ ಅಧ್ಯಯನಗಳಲ್ಲಿ ಈ ಅಂತರ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಪ್ರಮಾಣವು ಮಗುವಿನೊಳಗೆ ಅಚ್ಚಾದ ಸಂಖ್ಯೆಯಲ್ಲ. ಸಮಾಜ ಬದಲಾದರೆ ಅದೂ ಬದಲಾಗುತ್ತದೆ. ಎಲ್ಲ ಮಕ್ಕಳಿಗೂ ಸಮಾನವಾಗಿ ಒಳ್ಳೆಯ ಶಾಲೆ, ಊಟ, ಪುಸ್ತಕ ಸಿಕ್ಕರೆ ಪರಿಸರದ ವ್ಯತ್ಯಾಸ ಕುಗ್ಗಿ, ವಂಶವಾಹಿಗಳ ಪಾಲು ಏರುತ್ತದೆ. ಅಂದರೆ ಹೆಚ್ಚಿನ ಪ್ರಮಾಣವನ್ನು ತೋರಿಸಿ ‘ಶಾಲೆಗೆ ಹಣ ಸುರಿದು ಪ್ರಯೋಜನವಿಲ್ಲ’ ಎನ್ನುವವರು ಲೆಕ್ಕವನ್ನು ತಲೆಕೆಳಗಾಗಿ ಓದಿದ್ದಾರೆ.

ಪ್ರಮಾಣ ಹೆಚ್ಚಿದ್ದರೂ ಸರಾಸರಿ ಮೇಲೇರಬಹುದು. 2015ರಲ್ಲಿ ಸ್ವೀಡನ್ನಿನ 436 ಸಹೋದರ ಜೋಡಿಗಳನ್ನು ಹೋಲಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬ ಹೆತ್ತವರ ಬಳಿ ಬೆಳೆದವನು, ಇನ್ನೊಬ್ಬ ದತ್ತು ಹೋದವನು. ದತ್ತು ಮನೆಗಳಲ್ಲಿ ತಂದೆತಾಯಿಯರ ಓದು ಸಾಮಾನ್ಯವಾಗಿ ಹೆಚ್ಚಿತ್ತು. 18ರಿಂದ 20ರ ವಯಸ್ಸಿನಲ್ಲಿ ಅಳೆದಾಗ ದತ್ತು ಹೋದವರ ಬುದ್ಧಿಲಬ್ಧ ಸರಾಸರಿ 4.4 ಅಂಕ ಮುಂದಿತ್ತು.