ಎದ್ದರೆ ನಷ್ಟ, ಮಲಗಿದರೆ ಪೆನಾಲ್ಟಿ

ರಗ್ಬಿ ಲೀಗ್ ಅಭಿಮಾನಿಗಳ ಹತ್ತಿರ ಮಾತಾಡಿ ನೋಡಿ. ‘ನಮ್ಮದು ಫುಟ್‌ಬಾಲ್ ಥರ ಅಲ್ಲ, ಇಲ್ಲಿ ಯಾರೂ ಸುಮ್ಸುಮ್ನೆ ಬೀಳೋದಿಲ್ಲ’ ಅಂತ ಎದೆ ತಟ್ಟಿ ಹೇಳುತ್ತಾರೆ. ಪಶ್ಚಿಮ ಸಿಡ್ನಿಯಲ್ಲಿ ಫಿಸಿಯೊ ಆಗಿರುವ ನನಗೆ ಈ ಮಾತು ಕಿವಿಗೆ ಬೀಳದ ವಾರವಿಲ್ಲ. ವಾರದ ಕೊನೆಗೆ ಪಂದ್ಯ ಶುರುವಾದರೆ ಅದೇ ಜನ ಟಿವಿ ಕಡೆ ಕೈ ಬೀಸಿ ‘ಎದ್ದೇಳೋ, ನಾಟಕ ಸಾಕು’ ಅಂತ ಕೂಗುತ್ತಿರುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಂಡಕ್ಕೆ 13 ಜನ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ, ಇದೇ ಟ್ಯಾಕಲ್. ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿದರೆ ಆಟ ಮುಂದುವರಿಯುತ್ತದೆ. ಆರು ಸಲ ಹೀಗೆ ಬಿದ್ದರೆ ಚೆಂಡು ಎದುರಾಳಿಯ ಪಾಲು. ನಡುವೆ ಪೆನಾಲ್ಟಿ ಸಿಕ್ಕಿತು ಅನ್ನಿ, ಮತ್ತೆ ಹೊಸದಾಗಿ ಆರು ಅವಕಾಶ. ಜೊತೆಗೆ ಚೆಂಡನ್ನು ಗೆರೆಯಾಚೆ ಒದ್ದು ಒಂದಿಷ್ಟು ಜಾಗ ಪುಕ್ಕಟೆಯಾಗಿ ಗಿಟ್ಟಿಸಬಹುದು. ಬೇಡವಾದರೆ ಗೋಲಿಗೆ ಒದ್ದು 2 ಅಂಕ. ತಪ್ಪು ದೊಡ್ಡದಾದರೆ ಮಾಡಿದವನು 10 ನಿಮಿಷ ಸಿನ್ ಬಿನ್‌ನಲ್ಲಿ ಕೂರುತ್ತಾನೆ, ಅವನ ತಂಡ 12 ಜನರಲ್ಲೇ ಒದ್ದಾಡಬೇಕು. ಕಷ್ಟಪಟ್ಟು ಒಂದು ಟ್ರೈ ಗಳಿಸಿದರೂ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೂ, ಬರುವುದು 4 ಅಂಕ. ಲೆಕ್ಕ ನೀವೇ ಹಾಕಿಕೊಳ್ಳಿ.

ಗಾಳಿಯಲ್ಲಿ ಹಾರಿ ಬೀಳುವ ನಾಟಕ ಇಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಚೆಂಡು ಒದ್ದ ಹಾಫ್‌ಬ್ಯಾಕ್‌ಗೆ ಎದುರಾಳಿಯ ಭುಜ ತಾಕಿದರೆ ಸಾಕು, ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಮಗುಚಿಕೊಳ್ಳುತ್ತಾನೆ. ದಾರಿ ತಪ್ಪಿಸಲೆಂದೇ ಚೆಂಡಿಲ್ಲದೆ ಓಡಿ ಬಂದವನು ಮೈಗೆ ಸವರಿದರೂ ಡಿಫೆಂಡರ್ ಕೈಯೆತ್ತಿ ನೆಲಕ್ಕುರುಳುತ್ತಾನೆ. ‘ನನ್ನನ್ನು ಅಡ್ಡಗಟ್ಟಿದರು’ ಅಂತ ತೋರಿಸಿ ಟ್ರೈ ರದ್ದು ಮಾಡಿಸುವ ಆಸೆ. ಆದರೆ ಎಲ್ಲರೂ ನಿಮಿಷಕ್ಕೊಮ್ಮೆ ಬೀಳುವ ಆಟದಲ್ಲಿ ಬೀಳುವುದಕ್ಕೆ ಅಂಥ ಬೆಲೆ ಇಲ್ಲ. ಬೆಲೆ ಇರುವುದು ಏಳದೇ ಮಲಗಿದರೆ.

ಇದಕ್ಕೆ ಕಾರಣ ಬಂಕರ್. ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಟೂರ್ನಿಯಲ್ಲಿ 2016ರಿಂದ ಈ ವ್ಯವಸ್ಥೆ ಇದೆ. ಸಿಡ್ನಿಯ ಒಂದು ಕೋಣೆಯಲ್ಲಿ ಪರದೆಗಳ ಮುಂದೆ ಕೂತವರು ರೀಪ್ಲೇ ನೋಡಿ ಮೈದಾನದ ರೆಫರಿಗೆ ಹೇಳುತ್ತಾರೆ. ಈಗ ಒಬ್ಬನ ಗಲ್ಲಕ್ಕೆ ಎದುರಾಳಿಯ ಮೊಣಕೈ ತಾಕಿತು, ರೆಫರಿ ಗಮನಿಸಲಿಲ್ಲ ಅನ್ನಿ. ಅವನು ತಟ್ಟನೆ ಎದ್ದು ಚೆಂಡು ಉರುಳಿಸಿದರೆ ಆಟ ಮುಂದಕ್ಕೆ ಹೋಯಿತು, ಆ ಪೆನಾಲ್ಟಿ ಹೆಚ್ಚುಕಡಿಮೆ ಕೈತಪ್ಪಿದ ಹಾಗೇ. ಮುಖ ಮುಚ್ಚಿಕೊಂಡು ಮಲಗಿದರೆ ಆಟ ನಿಲ್ಲುತ್ತದೆ, ಬಂಕರ್‌ಗೆ ಪುರುಸೊತ್ತು ಸಿಗುತ್ತದೆ, ನಾಲ್ಕು ಕೋನಗಳಿಂದ ನೋಡಿ ‘ಹೌದು, ತಾಕಿದೆ’ ಅನ್ನುತ್ತಾರೆ. ಇಬ್ಬರಿಗೂ ಬಿದ್ದದ್ದು ಅದೇ ಏಟು. ಎದ್ದವನಿಗೆ ಏನೂ ಇಲ್ಲ, ಮಲಗಿದವನಿಗೆ ಪೆನಾಲ್ಟಿ. ಹೀಗಿರುವಾಗ ಆಟಗಾರನನ್ನು ಕಳ್ಳ ಅಂತ ಬೈದು ಏನು ಪ್ರಯೋಜನ? ಮಲಗು ಅಂತ ಹೇಳಿಕೊಟ್ಟಿದ್ದು ನಿಯಮವೇ ಅಲ್ವಾ?

2021ರ ಮೇ ತಿಂಗಳಲ್ಲಿ ಬ್ರಿಸ್ಬೇನ್‌ನಲ್ಲಿ ನಡೆದ ಮ್ಯಾಜಿಕ್ ರೌಂಡ್‌ನಲ್ಲಿ (ಆ ಸುತ್ತಿನ ಪಂದ್ಯಗಳೆಲ್ಲ ಒಂದೇ ಊರಲ್ಲಿ ನಡೆಯುವ ವಾರಾಂತ್ಯ) ತಲೆಗೆ ತಾಕುವ ಟ್ಯಾಕಲ್‌ಗಳ ಮೇಲೆ ಲೀಗ್ ಇದ್ದಕ್ಕಿದ್ದಂತೆ ಬಿಗಿ ಮಾಡಿತು. ಒಂದೇ ವಾರಾಂತ್ಯದಲ್ಲಿ 3 ಜನ ಪೂರ್ತಿ ಹೊರಕ್ಕೆ, 14 ಜನ ಸಿನ್ ಬಿನ್‌ಗೆ. ನನ್ನ ಕಣ್ಣಿಗೆ ಅದು ಸರಿಯಾದ ಹೆಜ್ಜೆಯೇ. ಆದರೆ ಮಲಗುವುದರ ಬೆಲೆ ಅವತ್ತಿನಿಂದ ಇನ್ನೂ ಜಾಸ್ತಿಯಾಯಿತು. ಮೊದಲು ಬರೀ ಪೆನಾಲ್ಟಿ ಸಿಗುತ್ತಿತ್ತು, ಈಗ ಎದುರಾಳಿ ಒಬ್ಬನನ್ನೇ ಮನೆಗೆ ಕಳಿಸಬಹುದು.

ಇಲ್ಲಿ ತಮಾಷೆ ಏನೆಂದರೆ, ಈ ಆಟ ಹೊಗಳುತ್ತಾ ಬಂದಿದ್ದು ಇದಕ್ಕೆ ಪೂರ್ತಿ ಉಲ್ಟಾ ಮನುಷ್ಯರನ್ನು. 1970ರ ಫೈನಲ್‌ನಲ್ಲಿ ಸೌತ್ ಸಿಡ್ನಿಯ ನಾಯಕ ಜಾನ್ ಸ್ಯಾಟ್ಲರ್ ಆಟ ಶುರುವಾದ ಸ್ವಲ್ಪ ಹೊತ್ತಿಗೇ ದವಡೆ ಮುರಿದುಕೊಂಡು, ಕೊನೆಯವರೆಗೂ ಆಡಿ ಮ್ಯಾನ್ಲಿ ತಂಡವನ್ನು 23-12ರಿಂದ ಸೋಲಿಸಿದರು. 2014ರಲ್ಲಿ ಅದೇ ತಂಡದ ಸ್ಯಾಮ್ ಬರ್ಜೆಸ್‌ಗೆ ಫೈನಲ್‌ನ ಮೊದಲ ಡಿಕ್ಕಿಯಲ್ಲೇ ಕೆನ್ನೆಯ ಮೂಳೆ ಮುರಿಯಿತು. ಊದಿದ ಮುಖದಲ್ಲೇ ಆಡಿ ಪಂದ್ಯದ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು. 2018ರಲ್ಲಿ ರೂಸ್ಟರ್ಸ್ ತಂಡದ ಕೂಪರ್ ಕ್ರಾಂಕ್ ಮುರಿದ ಭುಜದ ಮೂಳೆ ಇಟ್ಟುಕೊಂಡೇ ಫೈನಲ್ ಗೆದ್ದರು.

ಆಗಿರುವ ನೋವನ್ನು ಮುಚ್ಚಿಡುವುದು ಶೌರ್ಯ, ಆಗದ ನೋವನ್ನು ತೋರಿಸುವುದು ಮೋಸ. ಅಭಿಮಾನಿಗಳ ಲೆಕ್ಕ ಇದು. ಗೆರೆಯ ಪಕ್ಕ ನೀರಿನ ಬಾಟಲಿ, ಟೇಪು ಹಿಡಿದು ನಿಲ್ಲುವ ನನಗೆ ಎರಡೂ ಒಂದೇ. ಎರಡರಲ್ಲೂ ರೋಗಿ ನನಗೆ ಸುಳ್ಳು ಹೇಳುತ್ತಿದ್ದಾನೆ.

ಸುಳ್ಳನ್ನು ಪತ್ತೆ ಹಚ್ಚಬಹುದೇ ಅಂತ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ನಿಜವಾಗಿ ಎಚ್ಚರ ತಪ್ಪಿದವನು ಬೀಳುವಾಗ ಕೈ ಊರುವುದಿಲ್ಲ. ಮುಖವೋ ಭುಜವೋ ನೇರ ನೆಲಕ್ಕೆ ಹೋಗುತ್ತದೆ. ಕೆಲವರ ಒಂದು ತೋಳು ಗಾಳಿಯಲ್ಲಿ ಸೆಟೆದು ನಿಲ್ಲುತ್ತದೆ. ನೋಡಿದರೆ ಹೊಟ್ಟೆ ತೊಳಸುತ್ತದೆ, ಅದನ್ನು ಯಾರೂ ನಟಿಸಲಾರರು. ನಾಟಕದವನ ಕೈ ಮುಖಕ್ಕೆ ಹೋಗುವುದು ಒಂದು ಗಳಿಗೆ ತಡವಾಗಿ. ಬೆರಳ ಸಂದಿಯಲ್ಲಿ ಕಣ್ಣು ದೊಡ್ಡ ಪರದೆಯ ಕಡೆಗಿರುತ್ತದೆ. ರೀಪ್ಲೇ ಬಂದ ಕೂಡಲೇ ಉಸಿರಾಟ ಸಲೀಸು. ನಾನು ಪಕ್ಕದಲ್ಲಿ ಮಂಡಿಯೂರಿ ತಲೆಗೆ ಏಟು ಬಿದ್ದವನ ನೆನಪು ನೆಟ್ಟಗಿದೆಯಾ ಅಂತ ನೋಡುವ ಮ್ಯಾಡಕ್ಸ್ ಪ್ರಶ್ನೆಗಳನ್ನು ಕೇಳುತ್ತೇನೆ: ಇದು ಯಾವ ಮೈದಾನ? ಮೊದಲ ಅರ್ಧವೋ ಎರಡನೆಯದೋ? ಕೊನೆಗೆ ಅಂಕ ಗಳಿಸಿದ್ದು ಯಾರು? ಹಿಂದಿನ ಪಂದ್ಯ ಯಾರ ಮೇಲೆ? ಗೆದ್ದಿರಾ? ನಾಟಕದವನು ಪಟಪಟ ಉತ್ತರ ಕೊಟ್ಟು, ‘ಪೆನಾಲ್ಟಿ ಕೊಟ್ರಾ?’ ಅಂತ ನನ್ನನ್ನೇ ಕೇಳುತ್ತಾನೆ.

ಆದರೆ ಕನ್ಕಷನ್, ಅಂದರೆ ಏಟಿಗೆ ಮಿದುಳು ಅಲುಗಿ ಆಗುವ ತೊಂದರೆ, ಹೀಗೆ ಲಕ್ಷಣವಾಗಿ ನಡೆದುಕೊಳ್ಳುವ ಪೈಕಿ ಅಲ್ಲ. ಐದೂ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟ ಹುಡುಗ ಕಾಲು ಗಂಟೆ ಬಿಟ್ಟು ವಾಂತಿ ಮಾಡಿಕೊಳ್ಳಬಹುದು. ಅದಕ್ಕೇ ‘ಇವನದು ನಾಟಕ’ ಅಂತ ನಾನು ಮೈದಾನದಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಕಷ್ಟ ಏನೆಂದರೆ, ಉಳಿದವರೆಲ್ಲ ಹೇಳುತ್ತಿರುತ್ತಾರೆ. ಪ್ರೇಕ್ಷಕರು ಕೂಗುತ್ತಾರೆ, ಎದುರಾಳಿಗಳು ತೋಳು ಹಿಡಿದೆಳೆದು ಎಬ್ಬಿಸಲು ನೋಡುತ್ತಾರೆ. ಕುತ್ತಿಗೆಗೆ ಪೆಟ್ಟಾದವನನ್ನು ಹಾಗೆ ಎಳೆದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲೇ ರೂಸ್ಟರ್ಸ್ ತಂಡದ ಜೇಕ್ ಫ್ರೆಂಡ್, ಬಾಯ್ಡ್ ಕಾರ್ಡ್‌ನರ್ ಇಬ್ಬರೂ ತಲೆಗೆ ಮತ್ತೆ ಮತ್ತೆ ಬಿದ್ದ ಏಟುಗಳಿಂದಾಗಿ ಆಟ ಬಿಟ್ಟರು. ಅಂಥ ಕಾಲದಲ್ಲಿ ನೆಲಕ್ಕೆ ಬಿದ್ದವನನ್ನು ಮೊದಲು ಅನುಮಾನಿಸುವ ಅಭ್ಯಾಸ ಬೆಳೆಯುವುದು ಅಪಾಯ.

ಪೆಟ್ಟಾದವರನ್ನು ನೋಡಲು ಮೈದಾನಕ್ಕಿಳಿಯುವ ತಂಡದ ಟ್ರೇನರ್‌ಗಳೇನೂ ಸಾಚಾ ಅಂತ ನಾನು ವಾದಿಸುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮಕಾಯ್‌ನಲ್ಲಿ ಪೆನ್ರಿತ್ ಮತ್ತು ಪರಮಟ್ಟಾ ತಂಡಗಳ ನಡುವೆ ಸೆಮಿಫೈನಲ್ ನಡೆಯಿತು. ಕೊನೆಯ ನಿಮಿಷಗಳಲ್ಲಿ ಪರಮಟ್ಟಾ ದಾಳಿಗೆ ಇಳಿದಿತ್ತು. ಅಷ್ಟರಲ್ಲಿ ಪೆನ್ರಿತ್‌ನ ಟ್ರೇನರ್ ಒಳಗೆ ಓಡಿ ಬಂದು, ಕಾಲಿಗೆ ಪೆಟ್ಟಾದ ತಮ್ಮ ಆಟಗಾರನಿಗಾಗಿ ಆಟ ನಿಲ್ಲುವಂತೆ ಮಾಡಿದರು. ಪೆನ್ರಿತ್ 8-6ರಿಂದ ಗೆದ್ದಿತು. ದೊಡ್ಡ ಗಲಾಟೆಯಾಗಿ ಕ್ಲಬ್‌ಗೆ ದಂಡ ಬಿತ್ತು. ಮುಂದಿನ ವರ್ಷ ಹೊಸ ನಿಯಮ ಬಂತು: ಟ್ರೇನರ್ ಕೇಳಿಕೊಂಡು ಆಟ ನಿಂತರೆ ಆ ಆಟಗಾರನ ಬದಲು ಬೇರೆಯವನು ಬರಬೇಕು, ಇಲ್ಲವೇ ಅವನು ಕನಿಷ್ಠ 2 ನಿಮಿಷ ಹೊರಗಿರಬೇಕು.

ನನಗೆ ಹಿಡಿಸಿದ ನಿಯಮ ಇದು. ಯಾರನ್ನೂ ಸುಳ್ಳುಗಾರ ಅನ್ನುವುದಿಲ್ಲ, ಯಾರ ಮನಸ್ಸನ್ನೂ ಓದಲು ಹೋಗುವುದಿಲ್ಲ. ಮಲಗುವುದಕ್ಕೆ ಒಂದು ಬೆಲೆ ಕಟ್ಟುತ್ತದೆ, ಅಷ್ಟೇ. 2022ರಿಂದ ಬಂಕರ್‌ನಲ್ಲಿ ಯಾವ ತಂಡಕ್ಕೂ ಸೇರದ ಡಾಕ್ಟರ್ ಇರುತ್ತಾರೆ, ಅನುಮಾನ ಬಂದರೆ ಆಟಗಾರನನ್ನು 15 ನಿಮಿಷದ ತಲೆ ಪರೀಕ್ಷೆಗೆ ಕಳಿಸುತ್ತಾರೆ. ಕನ್ಕಷನ್ ಖಚಿತವಾದರೆ 2023ರಿಂದ ಸಾಮಾನ್ಯವಾಗಿ 11 ದಿನ ಆಟವಿಲ್ಲ. ಹಾಗಾಗಿ ಈಗ ಜಾಣ ಆಟಗಾರ ತಲೆ ಹಿಡಿದುಕೊಳ್ಳುವುದಿಲ್ಲ, ದವಡೆ ಸವರಿಕೊಳ್ಳುತ್ತಾನೆ.

ಆ 2 ನಿಮಿಷದ ನಿಯಮವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ ಅಂತ ನನ್ನ ವಾದ. ಮಲಗಿದ್ದರಿಂದ ರೀಪ್ಲೇ ಆಗಿ ಪೆನಾಲ್ಟಿ ಸಿಕ್ಕಿತೋ, ಮಲಗಿದವನು ಹೊರಗೆ ಬಂದು ಪರೀಕ್ಷೆ ಮಾಡಿಸಿಕೊಳ್ಳಲಿ. ‘ಏಟು ತಿಂದವನ ತಂಡಕ್ಕೇ ಶಿಕ್ಷೆ ಯಾಕೆ?’ ಅನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಆ ಹೊತ್ತಿಗೆ ಬದಲಿ ಆಟಗಾರನನ್ನು ಕೊಡಿ, ತಂಡಕ್ಕಿರುವ ಬದಲಾವಣೆಗಳ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ನಿಜಕ್ಕೂ ನೋವಾದವನು ಬೇಜಾರಿಲ್ಲದೆ ಬರುತ್ತಾನೆ. ಎದ್ದು ನಿಂತವನಿಗೂ ಅನ್ಯಾಯವಾಗಬಾರದು. ಆಟ ನಡೆಯುತ್ತಿರುವಾಗಲೇ ಬಂಕರ್ ಹಿಂದಿನ ಟ್ಯಾಕಲ್ ನೋಡಿ, ತಪ್ಪಿದ್ದರೆ ವಾಪಸ್ ಕರೆಯಲಿ.

ಈ ಕಡೆ ನೆಲೆಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಕ್ಕಳು ಟಿವಿಯಲ್ಲಿ ನೋಡಿದ್ದನ್ನು ಶನಿವಾರದ ಪಂದ್ಯದಲ್ಲಿ ಮಾಡುತ್ತಾರೆ. ಅಲ್ಲಿ ಬಂಕರ್ ಇಲ್ಲ, 15 ನಿಮಿಷದ ಪರೀಕ್ಷೆಯೂ ಇಲ್ಲ. ಕನ್ಕಷನ್ ಇರಬಹುದು ಅನ್ನಿಸಿದರೆ ಮಗುವಿಗೆ ಅವತ್ತಿನ ಆಟ ಮುಗಿಯಿತು, ಮತ್ತೆ ಆಡಲು ಡಾಕ್ಟರ್ ಒಪ್ಪಿಗೆ ಬೇಕು. ಆಮೇಲೆ ಅವನು ‘ಇಲ್ಲಪ್ಪಾ, ಸುಮ್ನೆ ಮಾಡಿದ್ದು’ ಅಂದರೂ ನಾವು ಒಳಗೆ ಬಿಡುವುದಿಲ್ಲ. ದಯವಿಟ್ಟು ಗೆರೆಯ ಹತ್ತಿರ ಬಂದು ನಮ್ಮ ಜೊತೆ ಜಗಳಕ್ಕೆ ನಿಲ್ಲಬೇಡಿ.