ಒಂದೊಂದು ಇಟ್ಟಿಗೆಗೂ ಒಂದೊಂದು ಹೆಸರು: ಕ್ರಾಕೋವ್ ತನ್ನ ಅರಸರನ್ನು ಉಳಿಸಿಕೊಂಡ ಬಗೆ

ಪೋಲೆಂಡಿನ ಕ್ರಾಕೋವ್ ನಗರದಲ್ಲಿ ವಿಸ್ತುಲಾ ನದಿಯ ದಂಡೆಗೆ ಒಂದು ಸುಣ್ಣಕಲ್ಲಿನ ಗುಡ್ಡವಿದೆ. ಹೆಸರು ವಾವೆಲ್. ಅದರ ನೆತ್ತಿಯ ಮೇಲೆ ಅರಮನೆ, ಪಕ್ಕದಲ್ಲೇ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದ, ಸತ್ತ ಮೇಲೆ ಅವರನ್ನು ಮಣ್ಣು ಮಾಡುತ್ತಿದ್ದ ದೊಡ್ಡ ಚರ್ಚು, ಕ್ಯಾಥೆಡ್ರಲ್. ಪೇಟೆಯ ಕಡೆಯಿಂದ ಗುಡ್ಡ ಹತ್ತುವ ಇಳಿಜಾರು ದಾರಿಗೆ ಅಂಟಿಕೊಂಡಿರುವ ಇಟ್ಟಿಗೆ ಗೋಡೆಯನ್ನು ಹತ್ತಿರ ಹೋಗಿ ನೋಡಿದರೆ ಅದರ ತುಂಬ ಹೆಸರುಗಳು ಕಾಣುತ್ತವೆ. ಒಂದು ಕುಟುಂಬದ್ದು, ಒಂದು ಸಂಘದ್ದು, ಒಂದು ಶಾಲೆಯದು. ಯಾವುದೂ ಅರಸರದಲ್ಲ. 1921ರಿಂದ ಹದಿನೈದು ವರ್ಷಗಳ ಕಾಲ ಅರಮನೆಯ ದುರಸ್ತಿಗೆ ಹಣ ಕೊಟ್ಟವರ ಹೆಸರುಗಳು ಅವು. ಆ ಹೊತ್ತಿಗೆ ಆಸ್ಥಾನ ಕ್ರಾಕೋವ್ ಬಿಟ್ಟು ಹೋಗಿ ಮುನ್ನೂರು ವರ್ಷ ದಾಟಿತ್ತು. 1918ರಲ್ಲಿ ಮರಳಿ ಬರುವವರೆಗೆ ಪೋಲೆಂಡ್ ಎಂಬ ದೇಶವೇ ನೂರ ಇಪ್ಪತ್ಮೂರು ವರ್ಷ ಭೂಪಟದಲ್ಲಿ ಇರಲಿಲ್ಲ.

ಅರಸರಿಲ್ಲದ ಊರಿನಲ್ಲಿ ಅರಮನೆಗಾಗಿ ಜನ ಯಾಕೆ ಕೈಯಿಂದ ದುಡ್ಡು ಹಾಕಿದರು? ಈ ಊರನ್ನು ಅರಸೊತ್ತಿಗೆಯ ಊರೆಂದು ಕರೆಯುವಾಗ ನನ್ನನ್ನು ಕಾಡುವುದು ಈ ಪ್ರಶ್ನೆಯೇ. ಉತ್ತರಕ್ಕೆ ಬಹಳ ಹಿಂದಕ್ಕೆ ಹೋಗಬೇಕು.

ಹತ್ತನೆಯ ಶತಮಾನದ 60ರ ದಶಕದಲ್ಲಿ ಸ್ಪೇನಿನ ಕಡೆಯ ಯಹೂದಿ ಪ್ರವಾಸಿ ಇಬ್ರಾಹಿಂ ಇಬ್ನ್ ಯಾಕೂಬ್ ಕ್ರಾಕೋವ್ ಹೆಸರನ್ನು ಬರೆದಿಟ್ಟ. ಊರಿನ ಬಗ್ಗೆ ಸಿಗುವ ಅತ್ಯಂತ ಹಳೆಯ ಬರಹ ಅದೇ. 1000ದಲ್ಲಿ ಇಲ್ಲಿ ಬಿಷಪ್ ಪೀಠ ಬಂತು. 1040ರ ಸುಮಾರಿಗೆ ದೊರೆ ಒಂದನೆಯ ಕಾಸಿಮಿರ್ ಇದನ್ನೇ ತನ್ನ ಮುಖ್ಯ ನೆಲೆ ಮಾಡಿಕೊಂಡ. 1241ರಲ್ಲಿ ಮಂಗೋಲರು ಬಂದು ಊರನ್ನು ಸುಟ್ಟರು. ಸುಟ್ಟುಹೋದ ನೆಲದಲ್ಲೇ 1257ರಲ್ಲಿ ಹೊಸ ಊರಿನ ಸನ್ನದು ಹೊರಟಿತು. ಅಳತೆ ಹಿಡಿದು ಬೀದಿಗಳನ್ನು ಎಳೆದರು. ನಡುವೆ ಒಂದೊಂದು ಬದಿಯೂ ಸುಮಾರು 200 ಮೀಟರ್ ಇರುವ ಪೇಟೆಚೌಕ ಬಿಟ್ಟರು. ಏಳೂವರೆ ಶತಮಾನ ಕಳೆದರೂ ಆ ಗೆರೆಗಳು ಅಳಿಸಿಲ್ಲ. ಸನ್ನದಿನೊಂದಿಗೆ ಊರವರಿಗೆ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಹಕ್ಕೂ ಬಂತು. ಮುಂದಿನ ಕಥೆಗೆ ಅರಮನೆಗಿಂತ ಇದೇ ಮುಖ್ಯವಾಯಿತೆಂದು ನನಗನಿಸುತ್ತದೆ.

ಚೌಕದ ಮೂಲೆಯ ಸಂತ ಮರಿಯಳ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಕಹಳೆ ಮೊಳಗುತ್ತದೆ. ಒಂದೇ ಸ್ವರಗುಚ್ಛ, ನಾಲ್ಕು ದಿಕ್ಕಿಗೆ ನಾಲ್ಕು ಸಲ. ಪ್ರತಿ ಸಲವೂ ಅದು ನಡುವಿನಲ್ಲಿ ತಟ್ಟನೆ ನಿಂತುಬಿಡುತ್ತದೆ. ಮಂಗೋಲರ ಬಾಣ ಕಾವಲುಗಾರನ ಗಂಟಲಿಗೆ ನಾಟಿದ ಕ್ಷಣ ಅದು ಎನ್ನುತ್ತದೆ ಐತಿಹ್ಯ. ಆದರೆ ಈಗಿರುವ ಚರ್ಚು ಆ ದಾಳಿಯ ನಂತರ ಕಟ್ಟಿದ್ದು. ಬಾಣದ ಕಥೆ ಬಾಯಿಂದ ಬಾಯಿಗೆ ಹರಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ದಾಖಲೆಯಲ್ಲಿ ಕಹಳೆಯವನು ಮೊದಲು ಸಿಗುವುದು 1392ರಲ್ಲಿ. ಅವನ ಕೆಲಸ ಕೋಟೆ ಬಾಗಿಲು ತೆರೆಯುವ, ಮುಚ್ಚುವ ಹೊತ್ತನ್ನು ಸಾರುವುದು, ಬೆಂಕಿ ಕಂಡರೆ ಎಚ್ಚರಿಸುವುದು. ಈಗಲೂ ಗೋಪುರ ಹತ್ತಿ ಕಹಳೆ ಊದುವವರು ಅಗ್ನಿಶಾಮಕ ದಳದ ಸಿಬ್ಬಂದಿಯೇ. ಮಧ್ಯಾಹ್ನ ಹನ್ನೆರಡರ ಕಹಳೆ 1927ರಿಂದ ಪೋಲಿಷ್ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸುತ್ತದೆ. ಬಾಣದ ಕಥೆಗಿಂತ, ಆರು ಶತಮಾನಗಳಿಂದ ಸರದಿಯ ಮೇಲೆ ಎಚ್ಚರವಿದ್ದ ಈ ಕೂಲಿಯವರ ಸಾಲು ನನಗೆ ದೊಡ್ಡದಾಗಿ ಕಾಣುತ್ತದೆ.

1320ರಲ್ಲಿ ಮೊಳಕೈಯಷ್ಟೇ ಉದ್ದದವನೆಂದು ಅಡ್ಡಹೆಸರು ಪಡೆದ ವ್ಲಾದಿಸ್ಲಾವ್ ವಾವೆಲ್‌ನಲ್ಲಿ ಕಿರೀಟ ಧರಿಸಿದ. ಅಂದಿನಿಂದ ಪಟ್ಟಾಭಿಷೇಕವೆಂದರೆ ಇಲ್ಲೇ ಎಂಬ ರೂಢಿ ಬೆಳೆಯಿತು. ಅವನ ಮಗ ಮೂರನೆಯ ಕಾಸಿಮಿರ್ ಮರದ ಪೋಲೆಂಡನ್ನು ಕಲ್ಲಿನ ಪೋಲೆಂಡ್ ಮಾಡಿ ಹೋದ ಎನ್ನುವುದು ಅಲ್ಲಿನ ಮಕ್ಕಳಿಗೂ ಗೊತ್ತಿರುವ ಮಾತು. ಕಲ್ಲಿಗೆ ಹಣ ಬಂದದ್ದು ಉಪ್ಪಿನಿಂದ. ಹತ್ತಿರದ ವೆಲಿಚ್ಕಾ, ಬೊಹ್ನಿಯಾಗಳಲ್ಲಿ ನೆಲದಡಿಯ ಕಲ್ಲುಪ್ಪಿನ ಗಣಿಗಳಿದ್ದವು. ಅವನ ಕಾಲದಲ್ಲಿ ಬೊಕ್ಕಸದ ಮೂರನೆಯ ಒಂದು ಪಾಲು ಅಲ್ಲಿಂದಲೇ ಬರುತ್ತಿತ್ತು. 1364ರಲ್ಲಿ ಕಾಸಿಮಿರ್ ವಿಶ್ವವಿದ್ಯಾಲಯ ತೆರೆದಾಗ ಅಧ್ಯಾಪಕರ ಸಂಬಳವನ್ನು ವೆಲಿಚ್ಕಾದ ಉಪ್ಪಿನ ಆದಾಯಕ್ಕೆ ಗೊತ್ತು ಮಾಡಿದ. ಉಪ್ಪಿನ ಋಣ ಎಂಬ ಮಾತು ಆ ಗುರುಗಳಿಗೆ ಅಕ್ಷರಶಃ ಸಲ್ಲುತ್ತಿತ್ತು.

1370ರಲ್ಲಿ ಕಾಸಿಮಿರ್ ತೀರಿಕೊಂಡದ್ದೇ ವಿಶ್ವವಿದ್ಯಾಲಯ ಸೊರಗಿತು. ಅದಕ್ಕೆ ಮತ್ತೆ ಜೀವ ಬಂದದ್ದು ಯಾದ್ವಿಗಾಳಿಂದ. 1384ರಲ್ಲಿ ಪಟ್ಟಕ್ಕೆ ಬಂದಾಗ ಅವಳಿನ್ನೂ ಹತ್ತು ವರ್ಷದ ಆಸುಪಾಸಿನ ಹುಡುಗಿ. ಆದರೂ ರಾಣಿಯೆಂದಲ್ಲ, ರಾಜನೆಂದೇ ಕಿರೀಟವಿಟ್ಟರು. 1399ರಲ್ಲಿ ಹೆರಿಗೆಯ ನಂತರ ತೀರಿಕೊಂಡಳು. ಒಡವೆಗಳನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋಗಿದ್ದಳು. ಮರುವರ್ಷ ಪಾಠಗಳು ಮತ್ತೆ ಶುರುವಾದವು. 1491ರಲ್ಲಿ ನಿಕೊಲಸ್ ಕೊಪರ್ನಿಕಸ್ ಇಲ್ಲಿಗೇ ಓದಲು ಬಂದ. ಬಹಳ ಕಾಲದ ನಂತರ ಯಾದ್ವಿಗಾಳ ಸಮಾಧಿ ತೆರೆದವರಿಗೆ ಸಿಕ್ಕಿದ್ದು ಮರದ ರಾಜದಂಡ, ಮರದ ಗೋಳ. ಬರೀ ಹೊರಮೈಗೆ ಚಿನ್ನದ ಲೇಪ.

ಹದಿನಾರನೆಯ ಶತಮಾನವನ್ನು ಪೋಲೆಂಡಿನವರು ಸುವರ್ಣಯುಗ ಎನ್ನುತ್ತಾರೆ. ಇಟಲಿಯ ಶಿಲ್ಪಿಗಳು ಅರಮನೆಯ ಒಳಾಂಗಣಕ್ಕೆ ಕಂಬಸಾಲು ಕಟ್ಟಿದರು, ಬಾರ್ತೊಲೊಮಿಯೊ ಬೆರ್ರೆಚ್ಚಿ ಸಿಗಿಸ್ಮಂಡ್ ದೊರೆಗೆ ಚಿನ್ನದ ಗುಮ್ಮಟದ ಸಮಾಧಿಮಂದಿರ ಕಟ್ಟಿದ. 1520ರಲ್ಲಿ ಎರಕ ಹೊಯ್ದ ಸಿಗಿಸ್ಮಂಡ್ ಗಂಟೆಯನ್ನು ಬಾರಿಸಲು ಇಂದಿಗೂ ಹತ್ತಾರು ಕೈಗಳು ಹಗ್ಗ ಜಗ್ಗಬೇಕು. ಮಗ ಸಿಗಿಸ್ಮಂಡ್ ಅಗಸ್ಟಸ್ ಬ್ರಸೆಲ್ಸ್‌ನಿಂದ ರೇಷ್ಮೆ, ಉಣ್ಣೆ, ಬಂಗಾರದ ಎಳೆಗಳ ಗೋಡೆಚಿತ್ರಗಳನ್ನು ನೇಯಿಸಿ ತರಿಸಿದ. ಉಳಿದಿರುವುದು 130ಕ್ಕೂ ಹೆಚ್ಚು. ಅವುಗಳ ಪಾಡನ್ನು ಮುಂದೆ ಹೇಳುತ್ತೇನೆ.

1569ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಒಂದೇ ರಾಜ್ಯವಾದ ಮೇಲೆ ದಕ್ಷಿಣದ ಮೂಲೆಯಲ್ಲಿದ್ದ ಕ್ರಾಕೋವ್ ಎಲ್ಲರಿಗೂ ದೂರವಾಯಿತು. ಸಂಸತ್ತು ವಾರ್ಸಾದಲ್ಲಿ ಸೇರತೊಡಗಿತು. 1595ರಲ್ಲಿ ಅರಮನೆಗೆ ಬೆಂಕಿ ಬಿತ್ತು. ಮುಂದಿನ ಹದಿನೈದು ವರ್ಷಗಳಲ್ಲಿ ಮೂರನೆಯ ಸಿಗಿಸ್ಮಂಡ್ ಆಸ್ಥಾನವನ್ನು ಹಂತಹಂತವಾಗಿ ವಾರ್ಸಾಕ್ಕೆ ಸಾಗಿಸಿದ. ಆದರೆ ಪಟ್ಟಕ್ಕೆ ಮತ್ತು ಮಣ್ಣಿಗೆ ಬಹುತೇಕ ದೊರೆಗಳು ವಾವೆಲ್‌ಗೇ ಬಂದರು. ಆಳುವುದು ಅಲ್ಲಿ, ಕೊನೆಗೆ ಮಲಗುವುದು ಇಲ್ಲಿ. ಈ ರೂಢಿಯ ಬಿಸಿ ಇನ್ನೂ ಆರಿಲ್ಲ: ವಿಮಾನ ದುರಂತದಲ್ಲಿ ಮಡಿದ ಅಧ್ಯಕ್ಷ ಲೆಖ್ ಕಚಿನ್‌ಸ್ಕಿಯನ್ನು 2010ರಲ್ಲಿ ಇಲ್ಲಿ ಹೂಳುವ ನಿರ್ಧಾರಕ್ಕೆ ಊರಿನ ಬೀದಿಗಳಲ್ಲಿ ಪ್ರತಿಭಟನೆ ನಡೆಯಿತು.

ಹದಿನೆಂಟನೆಯ ಶತಮಾನದ ಕೊನೆಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ದೇಶವನ್ನು ಹರಿದು ಹಂಚಿಕೊಂಡವು. 1795ರಲ್ಲಿ ಪ್ರಷ್ಯಾದ ಸೈನಿಕರು ವಾವೆಲ್‌ನ ಭಂಡಾರ ಒಡೆದು ಕಿರೀಟಗಳನ್ನು ಹೊತ್ತೊಯ್ದರು. 1809ರಲ್ಲಿ ಅವನ್ನು ಕರಗಿಸಲಾಯಿತು. ಗೋಡೆಚಿತ್ರಗಳು ರಷ್ಯಾದ ಪಾಲಾದವು. ಅರಮನೆ ಆಸ್ಟ್ರಿಯಾದ ಸೇನೆಯ ಬ್ಯಾರಕ್ ಆಯಿತು. ದೊರೆಗಳು ನಡೆದಾಡಿದ ಪಡಸಾಲೆಗಳಲ್ಲಿ ಪರದೇಶದ ಸಿಪಾಯಿಗಳ ಮಂಚಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಊರು ಊರವರ ಕೈಗೆ ಬಂದದ್ದು ಇಲ್ಲಿಂದ ಮುಂದೆ. ಶಿಥಿಲ ಕೋಟೆಗೋಡೆಗಳನ್ನು ಕೆಡವಲು ಹೊರಟಾಗ ಪ್ರಾಧ್ಯಾಪಕ ಫೆಲಿಕ್ಸ್ ರದ್ವಾನ್‌ಸ್ಕಿ ಎದ್ದು ನಿಂತ. ಉತ್ತರದ ಬಾಗಿಲೂ ಹೋದರೆ ಚಳಿಗಾಳಿ ನೇರ ಪೇಟೆಗೆ ನುಗ್ಗಿ ಜನರಿಗೆ ಕಾಯಿಲೆ ತರುತ್ತದೆಂದು ವಾದಿಸಿದ. ಹಳತನ್ನು ಉಳಿಸಿ ಎಂದರೆ ಕಿವಿಗೊಡದವರು ಆರೋಗ್ಯದ ಮಾತಿಗೆ ಕಿವಿಗೊಟ್ಟರು. ಸಂತ ಫ್ಲೋರಿಯನ್ ಬಾಗಿಲು, ಅದರೆದುರಿನ ದುಂಡು ಕೋಟೆ ಬಾರ್ಬಿಕನ್ ಉಳಿದವು. ಬಿದ್ದ ಗೋಡೆಯ ಜಾಗದಲ್ಲಿ ಊರ ಸುತ್ತ ಮರಗಳ ಪಟ್ಟಿ ಎದ್ದಿತು. ಅದೇ ಪ್ಲಾಂತಿ ಉದ್ಯಾನ. 1869ರಲ್ಲಿ ಸಮಾಧಿ ದುರಸ್ತಿಯಲ್ಲಿ ಮೂರನೆಯ ಕಾಸಿಮಿರ್‌ನ ಅಸ್ಥಿಗಳು ಆಕಸ್ಮಿಕವಾಗಿ ಕಾಣಿಸಿಕೊಂಡಾಗ, ಅವನು ಸತ್ತ ಐದುನೂರು ವರ್ಷಗಳ ಮೇಲೆ ಊರು ಅವನಿಗೆ ಎರಡನೆಯ ಶವಸಂಸ್ಕಾರ ಮಾಡಿತು. ದೇಶವಿಲ್ಲದವರಿಗೆ ತಮ್ಮ ದೊರೆಯ ಹಿಂದೆ ಮೆರವಣಿಗೆಯಲ್ಲಿ ನಡೆಯುವ ಅವಕಾಶ ಅದು. ಸೇನೆಗೆ ಬೇರೆ ಬ್ಯಾರಕ್ ಕಟ್ಟಿಕೊಡಲು ಹಣ ತೆತ್ತು 1905ರಿಂದ ವಾವೆಲ್ಅನ್ನು ಬಿಡಿಸಿಕೊಂಡರು. ಇಟ್ಟಿಗೆಯ ಮೇಲಿನ ಹೆಸರುಗಳು ಬಂದದ್ದು ಈ ಹಾದಿಯಲ್ಲಿ.

ಗೋಡೆಚಿತ್ರಗಳು 1920ರ ದಶಕದಲ್ಲಿ ರಷ್ಯಾದಿಂದ ಮರಳಿದವು. ಹದಿನೈದಿಪ್ಪತ್ತು ವರ್ಷವೂ ನೆಮ್ಮದಿಯಿಲ್ಲ. 1939ರ ಸೆಪ್ಟೆಂಬರ್ ಮೊದಲ ವಾರ, ಜರ್ಮನರು ಊರು ಮುಟ್ಟುವ ಮುನ್ನ, ಅವನ್ನು ಸುರುಳಿ ಸುತ್ತಿ ಕಲ್ಲಿದ್ದಲು ಸಾಗಿಸುವ ದೋಣಿಗೆ ತುಂಬಿ ವಿಸ್ತುಲಾ ನದಿಯಲ್ಲಿ ತೇಲಿಬಿಟ್ಟರು. ರುಮೇನಿಯಾ, ಫ್ರಾನ್ಸ್, ಬ್ರಿಟನ್ ದಾಟಿ ಕೆನಡಾ ಸೇರಿದ ಅವು ಮನೆಗೆ ಬಂದದ್ದು 1961ರಲ್ಲಿ.

ಮನುಷ್ಯರಿಗೆ ಅಂಥ ದೋಣಿ ಸಿಗಲಿಲ್ಲ. ಅದೇ 1939ರ ನವೆಂಬರ್ 6ರಂದು ಸಭೆಯ ನೆಪದಲ್ಲಿ ಕರೆಸಿ 183 ಮಂದಿಯನ್ನು ಜರ್ಮನರು ಬಂಧಿಸಿದರು. ಹೆಚ್ಚಿನವರು ವಿಶ್ವವಿದ್ಯಾಲಯದ ಅಧ್ಯಾಪಕರು. ನಾಜಿ ಅಧಿಪತಿ ಹಾನ್ಸ್ ಫ್ರಾಂಕ್ ವಾವೆಲ್‌ನಲ್ಲೇ ವಾಸ ಹೂಡಿದ. ಯುದ್ಧಕ್ಕೆ ಮುನ್ನ ಊರಿನ ನಾಲ್ವರಲ್ಲಿ ಒಬ್ಬರು ಯಹೂದಿಗಳಾಗಿದ್ದರು. ಅವರಲ್ಲಿ ಊರಲ್ಲಿ ಉಳಿದಿದ್ದವರನ್ನು 1941ರಲ್ಲಿ ನದಿಯಾಚೆಯ ಪೊದ್ಗುಜೆಯಲ್ಲಿ ಯಹೂದಿಗಳನ್ನು ಕೂಡಿಹಾಕಲೆಂದೇ ಮಾಡಿದ ಕೇರಿಗೆ, ಘೆಟ್ಟೊಗೆ, ನೂಕಿದರು. 1943ರ ಮಾರ್ಚ್‌ನಲ್ಲಿ ಘೆಟ್ಟೊ ಬರಿದಾಯಿತು. ಅಲ್ಲಿನ ಚೌಕದಲ್ಲೀಗ ಲೋಹದ ಖಾಲಿ ಕುರ್ಚಿಗಳ ಸಾಲುಗಳಿವೆ. ಕ್ರಾಕೋವ್‌ನ ಕಟ್ಟಡಗಳು ಯುದ್ಧದಲ್ಲಿ ಉಳಿದವೆಂದು ಹೊಗಳುವವರು ಒಮ್ಮೆ ಆ ಕುರ್ಚಿಗಳ ಮುಂದೆ ನಿಲ್ಲಬೇಕು.

1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಪಕ್ಕದಲ್ಲೇ ನೋವಾ ಹುತಾ ಎಂಬ ಉಕ್ಕಿನ ನಗರಕ್ಕೆ ಅಡಿಪಾಯ ಹಾಕಿತು. ಅದರ ಹೊಗೆ, ಮನೆಮನೆಯ ಕಲ್ಲಿದ್ದಲಿನ ಹೊಗೆ ಸೇರಿ ಸುರಿದ ಆಮ್ಲಮಳೆ ಶಿಲ್ಪಗಳ ಮೂಗು, ಬೆರಳುಗಳನ್ನು ತಿಂದುಹಾಕಿತು. 1978ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮೊಟ್ಟಮೊದಲ ಹನ್ನೆರಡು ತಾಣಗಳನ್ನು ಹೆಸರಿಸಿದಾಗ ಕ್ರಾಕೋವ್ ಮತ್ತು ವೆಲಿಚ್ಕಾದ ಗಣಿ ಎರಡೂ ಅದರಲ್ಲಿದ್ದವು. ಹೊಗೆ ಮಾತ್ರ ಕರಗಲಿಲ್ಲ. ನಿವಾಸಿಗಳು ಬೀದಿಗಿಳಿದು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2019ರ ಸೆಪ್ಟೆಂಬರ್ 1ರಿಂದ ನಗರದಲ್ಲಿ ಕಲ್ಲಿದ್ದಲು, ಸೌದೆ ಸುಡುವುದೇ ನಿಷೇಧವಾಯಿತು.

ಈಗಿನ ತಕರಾರು ಹಳೆಯ ಪೇಟೆಯಲ್ಲಿ ಯಾರು ಬಾಳಬೇಕೆಂಬುದರ ಮೇಲೆ. ಚೌಕದ ಸುತ್ತಿನ ಮನೆಗಳು ಪ್ರವಾಸಿಗರ ದಿನಬಾಡಿಗೆಯ ಕೋಣೆಗಳಾಗುತ್ತಿವೆ, ತಲೆಮಾರುಗಳಿಂದ ಇದ್ದವರು ಹೊರವಲಯಕ್ಕೆ ಸರಿಯುತ್ತಿದ್ದಾರೆ. ಅಗ್ಗದ ವಿಮಾನ ಹತ್ತಿ ಕುಡಿಯಲೆಂದೇ ಬರುವವರ ಗದ್ದಲಕ್ಕೆ ಉಳಿದವರಿಗೆ ನಿದ್ದೆಯಿಲ್ಲ. ಅವರ ದೂರುಗಳಿಗೆ ಕೊನೆಗೂ ಓಗೊಟ್ಟ ನಗರಸಭೆ 2023ರ ಜುಲೈ 1ರಿಂದ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಅಂಗಡಿಗಳಲ್ಲಿ ಮದ್ಯ ಮಾರುವುದನ್ನು ನಿಲ್ಲಿಸಿದೆ. ಮನೆಗಳ ಬಾಡಿಗೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.